ಭೀಮೆಯ ಮೀನು ತಿಂದವರು ಕಡಲಿಗೆ ಹೋದಾಗ: ಗಾಳ, ಚಿಪ್ಪು, ಬಂಗುಡೆ ಕುರಿತು ಸಲಹೆ ಬೇಕು

ಬಿಸಿಲೂರಿನವ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಡಿಸೆಂಬರಿನ ರಜೆಯಲ್ಲಿ ನಮ್ಮ ಕುಟುಂಬ ಕುಮಟಾ ಸಮೀಪದ ಅಘನಾಶಿನಿ ಅಳಿವೆಗೆ ಹೋಗುತ್ತಿದೆ. ನಾನು, ಮನೆಯವರು, ಹನ್ನೊಂದರ ಮಗ, ಏಳರ ಮಗಳು, ನಮ್ಮವ್ವ. ಕೆಲವೊಮ್ಮೆ ನನ್ನ ತಮ್ಮನೂ ಜೊತೆಗಿರುತ್ತಾನೆ. ಅಲ್ಲಿ ಪರಿಚಯವಾದ ಹಿರಿಯ ಮೀನುಗಾರರೊಬ್ಬರು ಬೆಳಗಿನ ಆರಕ್ಕೆ ನಮ್ಮನ್ನು ತಮ್ಮ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು, ಸಮುದ್ರ ಶಾಂತವಾಗಿದ್ದರೆ ಅಳಿವೆಯ ಬಾಯಿ ದಾಟಿಸಿ ಸ್ವಲ್ಪ ಹೊರಗೂ ಕರೆದೊಯ್ಯುತ್ತಾರೆ. ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಗಾಳಕ್ಕೆ ಚುಚ್ಚಿದ ಸಿಗಡಿಯ ಚೂರು, ಇಷ್ಟೇ ಸಲಕರಣೆ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿದು ಕೂರಬೇಕು. ಮೀನು ಮೊದಲು ಮೆಲ್ಲಗೆ ಕುಟುಕಿ ನೋಡುತ್ತದೆ, ಆಗ ಎಳೆಯಬಾರದು, ಬಲವಾಗಿ ಜಗ್ಗಿದಾಗ ಮಾತ್ರ ಎಳೆಯಬೇಕು ಎಂದು ಅವರು ಮಗನಿಗೆ ಕಲಿಸಿದ್ದಾರೆ. ಕಳೆದ ಸಲ ಅವನು ಅಂಗೈ ಉದ್ದದ ಕೆಂಬೇರಿಯೊಂದನ್ನು ತಾನೇ ಎಳೆದುಕೊಂಡ. ದಾರ ಕೊರೆದು ಬೆರಳಿನ ಮೇಲೆ ಮೂಡಿದ ಕೆಂಪು ಗೆರೆಯನ್ನು ಊರಿಗೆ ಬಂದ ಮೇಲೂ ಎರಡು ದಿನ ಗೆಳೆಯರಿಗೆ ತೋರಿಸುತ್ತಿದ್ದ.

ಹಿಡಿಯುವುದರಲ್ಲಿ ನಮಗೆ ತೊಂದರೆಯಿಲ್ಲ, ತಿನ್ನುವುದರಲ್ಲಿದೆ. ರೋಹು, ಕಟ್ಲಾ ಬಿಟ್ಟರೆ ಬೇರೆ ಮೀನಿನ ರುಚಿ ನಮ್ಮ ನಾಲಿಗೆಗೆ ಗೊತ್ತಿಲ್ಲ. ನಮ್ಮವ್ವ ದೋಣಿಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ತಾಳ್ಮೆಯಿಂದ ಗಾಳ ಹಿಡಿದು ಕೂರುತ್ತಾಳೆ, ಆದರೆ ಊಟದ ಹೊತ್ತಿಗೆ "ಹೊಟ್ಟು ಇಲ್ಲದ್ದು ಮೀನಲ್ಲ, ಚಿಪ್ಪಿನೊಳಗಿನದು ಊಟವಲ್ಲ" ಎಂದು ತಟ್ಟೆ ಸರಿಸುತ್ತಾಳೆ (ಹೊಟ್ಟು ಎಂದರೆ ಮೀನಿನ ಮೈಮೇಲಿನ ಹುರುಪೆ). ಮಗಳಿಗೆ ಸಿಗಡಿ ತಿಂದಾಗ ಎರಡು ಬಾರಿ ತುಟಿ ತುರಿಸಿ ಊದಿಕೊಂಡಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಕಳೆದ ಡಿಸೆಂಬರಿನ ಘಟನೆ. ಹೊರಡುವ ದಿನ ದಕ್ಕೆಯ ಬಳಿ ಎರಡು ಕಿಲೊ ಬಂಗುಡೆ ಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ ಒಂದಿಷ್ಟು ಮಂಜುಗಡ್ಡೆ ಹಾಕಿಸಿಕೊಂಡು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಮರುದಿನ ಮನೆ ತಲುಪಿದೆವು. ಮಧ್ಯಾಹ್ನ ಚೆನ್ನಾಗಿ ಬೇಯಿಸಿ ತಿಂದ ಅರ್ಧ ಗಂಟೆಯೊಳಗೆ ನನಗೂ ಮನೆಯವರಿಗೂ ತಮ್ಮನಿಗೂ ಮುಖ, ಕತ್ತು ಕೆಂಪಾಗಿ, ತಲೆ ಸಿಡಿದು, ಎದೆ ಡವಗುಟ್ಟತೊಡಗಿತು. ಮಕ್ಕಳು ಅಂದು ಅಜ್ಜಿಯ ಜೊತೆ ರೊಟ್ಟಿ, ಬೇಳೆ ಉಂಡಿದ್ದರಿಂದ ಉಳಿದರು. ವೈದ್ಯರೊಬ್ಬರು ಸೂಜಿ ಹಾಕಿ, ನಿಮಗೆ ಮೀನಿನ ಅಲರ್ಜಿ ಇದೆ, ಬಿಟ್ಟುಬಿಡಿ ಎಂದರು. ಮೂವರಿಗೂ ಒಂದೇ ಮಧ್ಯಾಹ್ನ ಅಲರ್ಜಿ ಹುಟ್ಟುವುದು ಹೇಗೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಬಲ್ಲವರು ದಯವಿಟ್ಟು ಹೇಳಿ. ಈ ಡಿಸೆಂಬರಿಗೂ ಹೋಗಬೇಕೆಂದು ಮಕ್ಕಳು ಈಗಲೇ ದಿನ ಎಣಿಸುತ್ತಿದ್ದಾರೆ.

ಶಹಾಬಾದ್ ಫರಸಿ (ಶಹಾಬಾದ್)

ಅಣ್ಣಾ, ದೇಹವೇ ಬೇಡವೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಮತ್ತೆ ಪ್ರಯೋಗ ಏಕೆ? ನಾವು ಬಿಸಿಲು ನಾಡಿನವರು, ಜೋಳ ತೊಗರಿಯಲ್ಲಿ ಬೆಳೆದವರು. ಸಮುದ್ರ ನೋಡಿ ಬನ್ನಿ, ತಿನ್ನುವುದನ್ನು ಕರಾವಳಿಯವರಿಗೆ ಬಿಡಿ.

ಬೀದರ್ ಕೋಟೆ (ಬೀದರ್)

ಶಹಾಬಾದಿನ ಸಹೋದರರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಆರಂಭವಾದ ಆ ಕಾಲೇಜು ಇಂದು ನಮ್ಮ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ ಎಂಬುದು ನಮ್ಮ ಭಾಗದವರಲ್ಲೇ ಅನೇಕರಿಗೆ ತಿಳಿಯದು.

ನೀವು ಹೇಳಿದ ಲಕ್ಷಣಗಳನ್ನು ಓದಿದರೆ ಅದು ಅಲರ್ಜಿಗಿಂತ ಹಿಸ್ಟಮಿನ್ ವಿಷಬಾಧೆಯನ್ನೇ ಹೋಲುತ್ತದೆ. ಬಂಗುಡೆ, ಭೂತಾಯಿ, ಟ್ಯೂನಾದಂತಹ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚಾಗಿರುತ್ತದೆ. ಸತ್ತ ಮೀನು ಬಿಸಿಲಿನಲ್ಲೋ ಬೆಚ್ಚನೆಯ ಡಬ್ಬಿಯಲ್ಲೋ ಕೆಲವು ಗಂಟೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ತಾನೇ ಬಿಡುಗಡೆ ಮಾಡುವ ವಸ್ತುವೂ ಇದೇ ಆದ್ದರಿಂದ ಲಕ್ಷಣಗಳು ಒಂದೇ ತೆರನಾಗಿ ಕಾಣುತ್ತವೆ. ನೀವು ಎಷ್ಟೇ ಬೇಯಿಸಿದರೂ, ಹುರಿದರೂ, ಮರಳಿ ಫ್ರಿಜ್ಜಿನಲ್ಲಿಟ್ಟರೂ ಒಮ್ಮೆ ಉಂಟಾದ ಹಿಸ್ಟಮಿನ್ ಹೋಗುವುದಿಲ್ಲ, ವಾಸನೆಯಿಂದ ಅದನ್ನು ಗುರುತಿಸಲೂ ಯಾವಾಗಲೂ ಸಾಧ್ಯವಿಲ್ಲ. ಒಂದೇ ಪಾತ್ರೆಯಿಂದ ಉಂಡ ಮೂವರಿಗೂ ಒಟ್ಟಿಗೆ ಆದದ್ದೇ ದೊಡ್ಡ ಸುಳಿವು. ಹಾಗಿದ್ದರೂ ನನ್ನ ಮಾತನ್ನೇ ಕೊನೆಯದೆಂದು ಹಿಡಿಯಬೇಡಿ. ಈ ವಿವರವನ್ನೆಲ್ಲ ಅಲರ್ಜಿ ತಜ್ಞರ ಮುಂದಿಟ್ಟು ಖಚಿತಪಡಿಸಿಕೊಂಡ ಮೇಲೆ ಮೀನು ತಿನ್ನಿ.

ಇನ್ನು ಡಬ್ಬಿಯ ವಿಚಾರ. ನಮ್ಮಂಥ ಸೆಖೆಯ ನಾಡಿನಲ್ಲಿ ಒಂದು ಕಿಲೊ ಮೀನಿಗೆ ಒಂದು ಕಿಲೊ ಮಂಜುಗಡ್ಡೆ ಬೇಕು. ಅದನ್ನು ಪುಡಿ ಮಾಡಿ, ತಳದಲ್ಲಿ ಒಂದು ಪದರ ಹಾಸಿ, ಮೀನು, ಮತ್ತೆ ಮಂಜು ಎಂದು ಹೂಡಬೇಕು, ಕರಗಿದ ನೀರು ಹೊರಗೆ ಹೋಗಲು ದಾರಿಯಿರಬೇಕು. ಎರಡು ಕಿಲೊ ಬಂಗುಡೆಗೆ "ಒಂದಿಷ್ಟು" ಎಂದಿರಲ್ಲ, ಆ ಒಂದಿಷ್ಟು ಹುಬ್ಬಳ್ಳಿ ತಲುಪುವ ಮೊದಲೇ ನೀರಾಗಿರುತ್ತದೆ.

ಬಿಸಿಲೂರಿನವ (ಕಲಬುರಗಿ)

ಸರ್, ಹೌದು. ಮನೆಗೆ ಬಂದು ಮುಚ್ಚಳ ತೆಗೆದಾಗ ಡಬ್ಬಿಯಲ್ಲಿ ಬರೀ ನೀರಿತ್ತು, ಮೀನು ಅದರಲ್ಲಿ ತೇಲುತ್ತಿತ್ತು. ತಣ್ಣಗಿದೆಯಲ್ಲ ಎಂದುಕೊಂಡೆವು. ಕೊಳ್ಳುವಾಗಲೂ ಆ ಬುಟ್ಟಿ ಹತ್ತು ಗಂಟೆಯ ಬಿಸಿಲಿನಲ್ಲಿತ್ತು ಎಂಬುದು ಈಗ ನೆನಪಾಗುತ್ತಿದೆ.

ಸುರಪುರದ ಸಿಸ್ಟರ್ (ಯಾದಗಿರಿ ಜಿಲ್ಲೆ)

ಅಣ್ಣಾವರೆ, ದಯಮಾಡಿ ನಿಮ್ಮ ಮಗಳ ವಿಷಯವನ್ನು ಬಂಗುಡೆಯ ವಿಷಯದೊಂದಿಗೆ ಸೇರಿಸಬೇಡಿ. ಎರಡೂ ಬೇರೆ. ಸಿಗಡಿ ತಿಂದಾಗ ಎರಡು ಬಾರಿಯೂ ತುಟಿ ಊದಿದೆ ಎಂದರೆ ಅದು ನಿಜವಾದ ಅಲರ್ಜಿ ಇರಬಹುದು. ಸಿಗಡಿಯಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಏಡಿಯಲ್ಲೂ ಇದೆ, ಆದ್ದರಿಂದ ಸಿಗಡಿ ಆಗದವರಲ್ಲಿ ಬಹುಮಂದಿಗೆ ಏಡಿಯೂ ಆಗುವುದಿಲ್ಲ, ಕೆಲವರಿಗೆ ಚಿಪ್ಪಿನ ಜೀವಿಗಳೂ ಬೊಂಡಾಸವೂ (ಸ್ಕ್ವಿಡ್) ಆಗುವುದಿಲ್ಲ. ಸಾಮಾನ್ಯ ಮೀನಿನ ಅಲರ್ಜಿ ಇದಕ್ಕಿಂತ ಪ್ರತ್ಯೇಕವಾದದ್ದು. ಹಾಗಾಗಿ ಮಗಳು ಮೀನನ್ನು ಬಿಡಲೇಬೇಕೆಂದೇನೂ ಇಲ್ಲ, ಆದರೆ ಅದನ್ನು ಪರೀಕ್ಷೆಯ ನಂತರ ವೈದ್ಯರು ಹೇಳಬೇಕು.

ಕಳೆದ ಸಲ ತುರಿಕೆಯಷ್ಟೇ ಆಗಿತ್ತು ಎಂದು ಈ ಸಲ "ಒಂದು ಚೂರು ತಿಂದು ನೋಡು" ಎನ್ನಬೇಡಿ. ಮುಂದಿನ ಬಾರಿ ಉಸಿರು ಕಟ್ಟಬಹುದು. ಉಬ್ಬಸ, ದನಿ ಬದಲಾಗುವುದು, ತಲೆ ಸುತ್ತುವುದು ಕಂಡರೆ ಮನೆಮದ್ದಿಗೆ ಕೂರದೆ ನೇರವಾಗಿ ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು: ಗಾಳಕ್ಕೆ ಸಿಗಡಿ ಚುಚ್ಚುವ ಕೆಲಸವನ್ನು ಆ ಮಗುವಿನ ಕೈಗೆ ಕೊಡಬೇಡಿ, ಅವಳ ಮೀನನ್ನು ಸಿಗಡಿ ಹುರಿದ ಎಣ್ಣೆಯಲ್ಲಿ ಹುರಿಯಬೇಡಿ.

ಚಿತ್ತಾಪುರದ ಮಾಸ್ತರ (ಚಿತ್ತಾಪುರ)

ಅಂದು ಮೀನು ಉಂಡ ಮೇಲೆ ಹಾಲು ಅಥವಾ ಮಜ್ಜಿಗೆ ಕುಡಿದಿದ್ದಿರಾ? ನಮ್ಮ ಹಿರಿಯರು ಮೀನು, ಹಾಲು ಕೂಡಿದರೆ ಮೈಮೇಲೆ ತೊನ್ನು ಏಳುತ್ತದೆ ಎನ್ನುತ್ತಿದ್ದರು.

ಸುರಪುರದ ಸಿಸ್ಟರ್ (ಯಾದಗಿರಿ ಜಿಲ್ಲೆ)

ಮಾಸ್ತರರೆ, ಗೌರವದಿಂದಲೇ ಹೇಳುತ್ತೇನೆ, ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ, ಮೀನು ಹಾಲಿನಿಂದಲ್ಲ. ಈ ಮಾತನ್ನು ನಂಬಿ ತೊನ್ನು ಇರುವ ಹೆಣ್ಣುಮಕ್ಕಳಿಗೆ "ಏನು ತಿಂದಿದ್ದೆ" ಎಂದು ಕೇಳಿ ನೋಯಿಸುವುದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಚಿತ್ತಾಪುರದ ಮಾಸ್ತರ (ಚಿತ್ತಾಪುರ)

ತಿಳಿಸಿದ್ದಕ್ಕೆ ಧನ್ಯವಾದ ತಂಗಿ. ಮಕ್ಕಳ ಮುಂದೆ ಇನ್ನು ಆ ಮಾತನ್ನು ಆಡುವುದಿಲ್ಲ.

ಕಾರವಾರದ ತವರು (ಕಲಬುರಗಿ)

ಈಗ ಊಟದ ವಿಷಯಕ್ಕೆ ಬರೋಣ. ನಾನು ಹದಿನೆಂಟು ವರ್ಷಗಳ ಹಿಂದೆ ಕಲಬುರಗಿಗೆ ಸೊಸೆಯಾಗಿ ಬಂದವಳು. ನನ್ನ ಅತ್ತೆಯವರಿಗೂ ನಾದಿನಿಯರಿಗೂ ಕಡಲ ಮೀನು ಉಣ್ಣಿಸಿ ಕಲಿತ ಅನುಭವದಿಂದ ಹೇಳುತ್ತೇನೆ. ಹೊಸಬರು ತಪ್ಪುವುದು ಆರಂಭದಲ್ಲೇ. ಹೋಟೆಲಿನಲ್ಲಿ ಕೂತು ಏಡಿ, ಬೊಂಡಾಸ ತರಿಸುತ್ತಾರೆ, ಕಣ್ಣು ಕಾಲು ನೋಡಿ ಹೆದರುತ್ತಾರೆ, ಕಡಲೂಟವೇ ಹೀಗೆ ಎಂದುಕೊಂಡು ಎದ್ದುಬಿಡುತ್ತಾರೆ. ಮೊದಲು ಕಾಣೆ ತಿನ್ನಿ. ನಮ್ಮ ಊರಿನಲ್ಲಿ ನೊಗ್ಲಿ ಎನ್ನುತ್ತೇವೆ. ಬೆರಳಿನಂತೆ ನೀಳವಾದ, ಬೆಳ್ಳಗಿನ, ಹೊಟ್ಟು ಇರುವ ಮೀನು. ನಡುವಿನ ಮುಳ್ಳನ್ನು ಬಾಲದ ಕಡೆಯಿಂದ ಎತ್ತಿದರೆ ಇಡಿಯಾಗಿ ಬರುತ್ತದೆ, ಏಳು ವರ್ಷದ ಮಗುವೂ ಬಿಡಿಸಿ ತಿನ್ನಬಹುದು. ಉಪ್ಪು, ಖಾರ, ಅರಿಶಿನ, ಹುಣಸೆರಸ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯಿರಿ. ನಾಲಿಗೆ ಅದಕ್ಕೆ ಹೊಂದಿದ ಮೇಲೆ ಬಂಗುಡೆ, ಅದರ ನಂತರ ಬೆಳಚು.

ಬೆಳಚು ಎಂದರೆ ನೀವು ಹೋಗುವ ಅಳಿವೆಯಲ್ಲೇ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಆರಿಸುವ ಚಿಪ್ಪು, ಕೊಂಕಣಿಯಲ್ಲಿ ತಿಸ್ರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನನಗೆ ಮೊದಲು ನೆನಪಾದದ್ದು ಆ ಹೆಂಗಸರ ಬುಟ್ಟಿಗಳೇ. ತಂದ ಬೆಳಚನ್ನು ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಮರಳು ಉಗುಳುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತಿದೆ, ಎಸೆಯಬೇಕು. ಬೆಂದ ಮೇಲೂ ಬಾಯಿ ತೆರೆಯದಿದ್ದರೆ ಅದನ್ನೂ ಎಸೆಯಬೇಕು. ಈ ಎರಡು ಮಾತನ್ನು ನನ್ನ ತಾಯಿ ನನಗೆ ಅಡುಗೆ ಕಲಿಸುವ ಮೊದಲೇ ಕಲಿಸಿದ್ದರು.

ಬೊಂಡಾಸದ ಬಗ್ಗೆ ಒಂದೇ ಸೂಚನೆ. ನಮ್ಮ ಕಲಬುರಗಿಯ ಅಡುಗೆಮನೆಯಲ್ಲಿ ಮಟನ್ ಬೇಯಿಸುವ ಅಭ್ಯಾಸವಿರುವುದರಿಂದ ಎಲ್ಲವನ್ನೂ ಕುದಿಸುತ್ತಲೇ ಇರುತ್ತಾರೆ. ಬೊಂಡಾಸವನ್ನು ಎರಡು ಮೂರು ನಿಮಿಷ ಹುರಿದು ಇಳಿಸಬೇಕು, ಇಲ್ಲವೇ ಮುಕ್ಕಾಲು ಗಂಟೆ ಬೇಯಿಸಬೇಕು. ನಡುವೆ ನಿಲ್ಲಿಸಿದರೆ ರಬ್ಬರಿನಂತಾಗುತ್ತದೆ.

ಹರಿಗೋಲು (ಯಾದಗಿರಿ)

ಅಕ್ಕನವರು ಹೇಳಿದ್ದು ಸರಿ, ಆದರೆ ನದಿಯ ಮೀನು ಮಾತ್ರ ತಿಂದವರಿಗೆ ಏನೂ ಗೊತ್ತಿಲ್ಲ ಎನ್ನುವ ಧಾಟಿ ಇಲ್ಲಿ ಬೇಡ. ನಮ್ಮ ತಂದೆ ಭೀಮೆಯಲ್ಲಿ ಹರಿಗೋಲು ಹಾಕಿ ಬಲೆ ಬೀಸಿದವರು. ಅಂಬಿಗರ ಚೌಡಯ್ಯನವರ ವಚನ ಕೇಳುತ್ತ ಬೆಳೆದ ಮನೆ ನಮ್ಮದು. ರೋಹು, ಕಟ್ಲಾದ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಅವನ್ನು ನಾಲಿಗೆಯಲ್ಲೇ ಬೇರ್ಪಡಿಸಿ ತಿನ್ನಲು ಬಲ್ಲವನಿಗೆ ಕೆಂಬೇರಿ, ಕಾಣೆ ಬಹಳ ಸುಲಭ, ಏಕೆಂದರೆ ಅವುಗಳಲ್ಲಿ ಆ ಒಳಮುಳ್ಳುಗಳೇ ಇಲ್ಲ. ನಮ್ಮ ಜನ ಕಡಲ ಮೀನಿಗೆ ಹೆದರಬೇಕಾದ ಕಾರಣವೇ ಇಲ್ಲ ಎಂದು ನಾನು ಹೇಳುತ್ತಿರುವುದು.

ನಿಮ್ಮ ಅವ್ವನವರಿಗೆ ಒಂದು ಮಾತು ಕೇಳಿ: ಭೀಮೆಯ ಬಾಳೆ ಮೀನಿಗೆ ಹೊಟ್ಟು ಎಲ್ಲಿದೆ? ನುಣುಪಾದ ಚರ್ಮವಷ್ಟೇ. ಆದರೂ ನಮ್ಮ ಕಡೆ ಅದಕ್ಕೆ ಎಷ್ಟು ಬೇಡಿಕೆ!

ತಾಜಾತನ ನೋಡುವುದು ಮಾತ್ರ ನದಿಗೂ ಕಡಲಿಗೂ ಒಂದೇ. ಕಿವಿರು ಎತ್ತಿದರೆ ರಕ್ತದಂತೆ ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು.

ಕಾರವಾರದ ತವರು (ಕಲಬುರಗಿ)

ತಮ್ಮಾ, ನದಿಯ ಮೀನನ್ನು ಕಡೆಗಣಿಸಿ ನಾನು ಒಂದಕ್ಷರ ಬರೆದಿಲ್ಲ. ಒಳಮುಳ್ಳಿನ ಮಾತು ಮಾತ್ರ ನಿಜ. ನನ್ನ ಮಗ ಇಲ್ಲಿ ಹುಟ್ಟಿದವನು, ರೋಹುವಿನಲ್ಲಿ ನನಗೆ ಮುಳ್ಳು ಬಿಡಿಸಿಕೊಡುವವನು ಅವನೇ.

ಕಾರಂಜಾ ದಡ (ಭಾಲ್ಕಿ)

ನಮ್ಮ ಮನೆಯಲ್ಲೂ ಇದೇ ಆಸೆ ಇದೆ. ಮಿರಗದ ದಿನ, ಅಂದರೆ ಮೃಗಶಿರ ಮಳೆ ಕೂಡುವ ದಿನ, ಮೀನು ತಿನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಈ ಸಲ ಆ ದಿನಕ್ಕೇ ಸರಿಯಾಗಿ ಮಲ್ಪೆಗೋ ಕಾರವಾರಕ್ಕೋ ಹೋಗಿ ದೋಣಿಯಲ್ಲಿ ಮೀನು ಹಿಡಿದು ಅಲ್ಲೇ ತಿಂದರೆ ಹೇಗೆ?

ಬೀದರ್ ಕೋಟೆ (ಬೀದರ್)

ಬೇಡ ಮಾರಾಯರೆ. ಮೃಗಶಿರ ಕೂಡುವುದು ಜೂನ್ 7, 8ರ ಸುಮಾರಿಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಹಲವು ಮೀನುಗಳು ಮೊಟ್ಟೆಯಿಡುವ ಕಾಲವದು, ಕಡಲೂ ಕೆರಳಿರುತ್ತದೆ. ಸಾಂಪ್ರದಾಯಿಕ ದೋಣಿಯವರಿಗೆ ವಿನಾಯಿತಿ ಇದ್ದರೂ ಅವರು ಅಲೆ ನೋಡಿ ಇಳಿಯುತ್ತಾರೆ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಮಯವಲ್ಲ. ಮಿರಗಕ್ಕೆ ನಿಮ್ಮ ಕಾರಂಜಾ ಜಲಾಶಯದ ಮೀನೇ ತಕ್ಕದ್ದು. ಆ ದಿನ ನಮ್ಮ ಭಾಗದಲ್ಲಿ ಕೆರೆ, ಹೊಳೆಯ ಮೀನು ತಿನ್ನುವುದು ಕಡಲಿನ ಲೆಕ್ಕಕ್ಕೂ ಹೊಂದಿಕೊಂಡೇ ಇದೆ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಕಡಲಿಗೆ ಡಿಸೆಂಬರ್, ಜನವರಿಯಲ್ಲಿ ಹೋಗಿ.

ಶಹಾಬಾದ್ ಫರಸಿ (ಶಹಾಬಾದ್)

ಬಂಗುಡೆಯ ವಿಷಯದಲ್ಲಿ ನನ್ನ ಮಾತು ಅವಸರದ್ದಾಯಿತು ಎಂದು ಒಪ್ಪುತ್ತೇನೆ. ಆದರೆ ದೋಣಿಯ ಅಪಾಯವನ್ನು ಯಾರೂ ಹೇಳುತ್ತಿಲ್ಲ. ನನ್ನ ಅಕ್ಕನ ಮಗ ಗೋಕರ್ಣದ ಬಳಿ ಗಾಳ ಹಾಕಿದಾಗ ಚೆಂಡಿನಂತೆ ಊದಿಕೊಳ್ಳುವ ಒಂದು ಮೀನು ಸಿಕ್ಕಿತು. ಹುಡುಗ ಅದನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡು, ಮನೆಗೆ ಒಯ್ದು ಸಾರು ಮಾಡೋಣ ಎಂದ. ದೋಣಿಯವರು ಕೂಡಲೇ ಅದನ್ನು ಕಸಿದು ನೀರಿಗೆ ಬಿಟ್ಟರಂತೆ. ಅವರು ಅಲ್ಲಿ ಇಲ್ಲದಿದ್ದರೆ?

ಬೀದರ್ ಕೋಟೆ (ಬೀದರ್)

ದೋಣಿಯವರು ಜೀವ ಉಳಿಸಿದ್ದಾರೆ. ಊದುವ ಮೀನಿನ ಯಕೃತ್ತು, ತತ್ತಿ, ಚರ್ಮಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಗಾಳಕ್ಕೆ ಬಿದ್ದದ್ದನ್ನೆಲ್ಲ ಮೀನುಗಾರರಿಗೆ ತೋರಿಸಿಯೇ ಬುಟ್ಟಿಗೆ ಹಾಕಬೇಕು.

ಹಾಗೆಯೇ ಮೀಸೆಯಿರುವ ಕಡಲ ಮೀನಿನ ಬೆನ್ನಿನ ಮುಳ್ಳು, ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ಉರಿ ತಾಳಲಾಗದು. ಚರ್ಮ ಸುಡದಷ್ಟು ಬಿಸಿಯಿರುವ ನೀರಿನಲ್ಲಿ, ಅಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಆ ಭಾಗವನ್ನು ಅರ್ಧದಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ತಗ್ಗುತ್ತದೆ, ಏಕೆಂದರೆ ಆ ವಿಷ ಬಿಸಿಗೆ ಕೆಡುತ್ತದೆ. ಮೊದಲು ಇನ್ನೊಬ್ಬರು ಕೈ ಅದ್ದಿ ನೋಡಲಿ, ನೋವಿನಲ್ಲಿರುವವರಿಗೆ ಸುಡುವುದು ತಿಳಿಯುವುದಿಲ್ಲ. ಆಮೇಲೆ ವೈದ್ಯರಿಗೆ ತೋರಿಸಲೇಬೇಕು, ಮುರಿದ ಮುಳ್ಳು ಒಳಗೆ ಉಳಿದಿರಬಹುದು.

ಹರಿಗೋಲು (ಯಾದಗಿರಿ)

ಜೀವರಕ್ಷಕ ಜಾಕೆಟ್ ಇಲ್ಲದೆ ಮಕ್ಕಳನ್ನು ಕೂರಿಸಬೇಡಿ. ದೊಡ್ಡವರ ಜಾಕೆಟನ್ನು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಜಾರಿಹೋಗುತ್ತದೆ, ಅಳತೆಯದ್ದೇ ಬೇಕು. ನದಿಯಲ್ಲಿ ಈಜು ಬರುತ್ತದೆ ಎಂಬ ಧೈರ್ಯವನ್ನು ಅಳಿವೆಯಲ್ಲಿ ತೋರಬೇಡಿ. ಇಳಿತದ ಹೊತ್ತಿಗೆ ನೀರು ಹೊರಗೆ ಎಳೆಯುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ಸೆಳೆತ ಇನ್ನೂ ಹೆಚ್ಚು.

ಕಾರಂಜಾ ದಡ (ಭಾಲ್ಕಿ)

ತೆಂಗಿನೆಣ್ಣೆ, ತೆಂಗಿನಕಾಯಿ ಇಲ್ಲದೆ ಕಡಲ ಮೀನು ಮಾಡಬಹುದೇ? ನಮ್ಮ ಮನೆಯಲ್ಲಿ ಆ ವಾಸನೆ ಯಾರಿಗೂ ಆಗುವುದಿಲ್ಲ.

ಕಾರವಾರದ ತವರು (ಕಲಬುರಗಿ)

ಧಾರಾಳವಾಗಿ ಮಾಡಬಹುದು. ನಾನು ಪುಂಡಿಪಲ್ಯದಲ್ಲಿ ಸಿಗಡಿ ಹಾಕುತ್ತೇನೆ. ಪುಂಡಿಯ ಹುಳಿ ಸಿಗಡಿಯ ಸಿಹಿಗೆ ಎಷ್ಟು ಹೊಂದುತ್ತದೆಂದರೆ ನನ್ನ ತವರಿನವರೂ ಈಗ ಬರುವಾಗಲೆಲ್ಲ ಅದನ್ನೇ ಕೇಳುತ್ತಾರೆ. ಶೇಂಗಾ ಎಣ್ಣೆಯಲ್ಲಿ ಹುರಿದ ಬಂಗುಡೆಯನ್ನು ಬಿಸಿ ಜೋಳದ ರೊಟ್ಟಿಯಲ್ಲಿ ಮುರಿದಿಟ್ಟು ತಿಂದು ನೋಡಿ. ತೆಂಗು ಕಡಲಿನ ನಿಯಮವಲ್ಲ, ಅಲ್ಲಿ ಮನೆಯ ಹಿಂದೆ ಬೆಳೆಯುತ್ತದೆ ಅಷ್ಟೇ.

ಶಹಾಬಾದ್ ಫರಸಿ (ಶಹಾಬಾದ್)

ಪುಂಡಿಪಲ್ಯದಲ್ಲಿ ಸಿಗಡಿ ಎಂದರೆ ನನಗೆ ಒಪ್ಪಿಗೆಯಿಲ್ಲ ಅಕ್ಕಾ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆಯೊಂದೇ ಸಾಕು. ರೊಟ್ಟಿಯೊಂದಿಗೆ ಬಂಗುಡೆಯನ್ನು ಮಾತ್ರ ಯೋಚಿಸಬಹುದು.

ಬಿಸಿಲೂರಿನವ (ಕಲಬುರಗಿ)

ಎಲ್ಲರಿಗೂ ಮನಸಾರೆ ಕೃತಜ್ಞತೆ. ಮಗಳ ಪರೀಕ್ಷೆಗೆ ಮುಂದಿನ ವಾರ ಚರ್ಮ ಮತ್ತು ಅಲರ್ಜಿ ತಜ್ಞರ ಬಳಿ ಹೋಗುತ್ತಿದ್ದೇವೆ, ನಮ್ಮ ಮೂವರ ಬಂಗುಡೆಯ ವಿಷಯವನ್ನೂ ಅಲ್ಲೇ ಕೇಳುತ್ತೇವೆ. ಅಲ್ಲಿಯವರೆಗೆ ಅವಳ ತಟ್ಟೆಗೆ ಸಿಗಡಿ, ಏಡಿ, ಚಿಪ್ಪು ಯಾವುದೂ ಇಲ್ಲ. ಮೀನನ್ನು ಇನ್ನು ಊರಿಗೆ ಹೊತ್ತು ತರುವುದನ್ನೇ ಬಿಡುತ್ತೇವೆ. ಅಲ್ಲೇ ಅಡುಗೆಮನೆ ಇರುವ ಕೋಣೆ ಹಿಡಿದು, ಹಿಡಿದ ದಿನವೇ ಬೇಯಿಸಿ ತಿನ್ನುವುದೆಂದು ಮನೆಯವರು ತೀರ್ಮಾನಿಸಿದ್ದಾರೆ.

ಅವ್ವನಿಗೆ ಮಗ ಇದನ್ನೆಲ್ಲ ಓದಿ ಹೇಳಿದ. ಬಾಳೆ ಮೀನಿನ ಮಾತು ಬಂದಾಗ ಅವಳು ಬಿಡಿಸುತ್ತಿದ್ದ ತೊಗರಿಕಾಯಿಯನ್ನು ಮೊರದಲ್ಲೇ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಅವಳ ತವರು ಅಫಜಲಪುರದ ಕಡೆ, ಭೀಮೆಯ ದಂಡೆ. ತಂದೆ ಬಾಳೆ ಮೀನು ತಂದರೆ ತಲೆಯ ಭಾಗವನ್ನು ಮಗಳಾದ ತನಗೇ ಇಡುತ್ತಿದ್ದರು ಎಂದು ನಾನು ಹುಟ್ಟಿದಾಗಿನಿಂದ ಕೇಳದ ಮಾತೊಂದನ್ನು ಹೇಳಿದಳು. ಈ ಡಿಸೆಂಬರಿನಲ್ಲಿ ಕಾಣೆ ತಿನ್ನುತ್ತಾಳಂತೆ, ತಾನೇ ಹುರಿಯುತ್ತಾಳಂತೆ. ಚಿಪ್ಪು ಮಾತ್ರ ಬೇಡವಂತೆ, ಅದಕ್ಕೆ ನಾವೂ ಒತ್ತಾಯಿಸುವುದಿಲ್ಲ.

ಕಾರವಾರದ ಅಕ್ಕನವರಿಗೆ ಒಂದು ಪ್ರಶ್ನೆ ಉಳಿದಿದೆ. ಅಲ್ಲಿಯ ಬಂಗುಡೆ ಸಾರಿನಲ್ಲಿ ಮೆಣಸಿನಂತಹ, ಕಾಯಿ ಬಿರಿದಂತಿರುವ ಏನೋ ಒಂದು ಇರುತ್ತದೆ, ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ. ಅದು ಏನು, ಎಷ್ಟು ಹಾಕಬೇಕು?

ಕಾರವಾರದ ತವರು (ಕಲಬುರಗಿ)

ಅದು ಜುಮ್ಮನಕಾಯಿ, ಕೊಂಕಣಿಯವರ ತೆಫಲ. ಒಳಗಿನ ಕಪ್ಪು ಬೀಜ ತೆಗೆದು ಬರೀ ಸಿಪ್ಪೆಯನ್ನು ಜಜ್ಜಿ, ನಾಲ್ಕು ಬಂಗುಡೆಗೆ ಎಂಟು ಹತ್ತು ಕಾಯಿಯಷ್ಟು, ಸಾರು ಕುದಿಯುವಾಗ ಹಾಕಿ. ಉಣ್ಣುವಾಗ ಅದನ್ನು ಅಗಿಯದೆ ಬದಿಗಿಡಬೇಕು. ಕುಮಟೆಯ ಸಂತೆಯಲ್ಲಿ ಒಣಗಿದ್ದು ಸಿಗುತ್ತದೆ, ಬರುವಾಗ ನನಗೂ ನೂರು ಗ್ರಾಂ ತನ್ನಿ ಅಣ್ಣಾ, ನನ್ನ ಡಬ್ಬಿ ಖಾಲಿಯಾಗಿ ತಿಂಗಳಾಯಿತು.